ಗೋಡೆಯ ಕೊಂಬು, ಪೆಟ್ಟಿಗೆಯ ಚರ್ಮ: ಕಾಗದ ಮೊದಲು, ಜೋಪಾನ ನಂತರ

ಅಂಕೋಲಾ, ಕಾರವಾರ ತಾಲೂಕುಗಳ ಘಟ್ಟದ ಬುಡದ ಹಳೆಯ ಮನೆಗಳಲ್ಲಿ ಆಸ್ತಿ ಪಾಲಾಗುವಾಗ ಒಮ್ಮೊಮ್ಮೆ ಯಾರಿಗೂ ಬೇಡವಾದ ವಸ್ತುವೊಂದು ಕೊನೆಗೆ ಉಳಿಯುತ್ತದೆ. ಜಗಲಿಯ ಗೋಡೆಗೆ ಹೊಡೆದ ಕಡವೆ ಕೊಂಬು, ಮರದ ಹಲಗೆಗೆ ಕೂರಿಸಿದ ಕಾಡುಕೋಣದ ತಲೆ, ಮೆತ್ತಿನ ಪೆಟ್ಟಿಗೆಯಲ್ಲಿ ಸುತ್ತಿಟ್ಟ ಚಿರತೆ ಚರ್ಮ. ಅಜ್ಜನ ಕಾಲಕ್ಕೆ ಅದು ಮನೆತನದ ಹೆಮ್ಮೆಯಾಗಿತ್ತು. ಮೊಮ್ಮಕ್ಕಳಿಗೆ ಈಗ ಅದೇ ಚಿಂತೆ. ಇಟ್ಟುಕೊಂಡರೆ ಕೇಸು ಬೀಳುತ್ತದೆಯೇ? ಎಸೆದರೆ ತಪ್ಪಾಗುತ್ತದೆಯೇ? ಹುಳ ಹಿಡಿದಿದೆ, ಯಾರ ಹತ್ತಿರ ಸರಿಮಾಡಿಸುವುದು?

ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಶಿಕಾರಿ ಮಾಡಿದ ಪ್ರಾಣಿಯನ್ನು ತುಂಬಿಸಿ ನಿಲ್ಲಿಸಿಕೊಡುವ ಸೇವೆ ಇಂದು ಉತ್ತರ ಕನ್ನಡದಲ್ಲಿ ಮಾತ್ರವಲ್ಲ, ದೇಶದ ಎಲ್ಲಿಯೂ ಕಾನೂನುಬದ್ಧವಾಗಿ ಸಿಗುವುದಿಲ್ಲ, ಸಿಗಲೂಬಾರದು. ಹಿರಿಯರ ಕಾಲದಿಂದ ಮನೆಯಲ್ಲಿ ಉಳಿದಿರುವುದನ್ನು ಪ್ರಾಮಾಣಿಕವಾಗಿ ನಿಭಾಯಿಸುವ ದಾರಿಗಳು ಮಾತ್ರ ಇವೆ. ಆ ದಾರಿಯಲ್ಲಿ ಕಾಗದಪತ್ರದ ಕೆಲಸ ಮೊದಲು ಬರುತ್ತದೆ, ಚರ್ಮ–ಕೊಂಬಿನ ಆರೈಕೆ ಅದರ ನಂತರ.

ಚರ್ಮಗಳು ಮೈಸೂರಿಗೆ ಹೋಗುತ್ತಿದ್ದ ಕಾಲ

ಪ್ರಾಣಿಯ ಚರ್ಮ ತುಂಬಿಸಿ ನಿಲ್ಲಿಸುವ ಈ ವಿದ್ಯೆಯ, ಅಂದರೆ ಟ್ಯಾಕ್ಸಿಡರ್ಮಿಯ ಮಾತು ಬಂದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವ ಹೆಸರು ಮೈಸೂರಿನ ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್. ಯೂಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಆರಂಭಿಸಿದ ಈ ಕಾರ್ಖಾನೆಯನ್ನು ಅವರ ಮಕ್ಕಳು ಮುಂದುವರಿಸಿದರು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ವಿದೇಶಿ ಶಿಕಾರಿಗಳು ಹೊಡೆದ ಪ್ರಾಣಿಗಳ ಚರ್ಮ ಉಪ್ಪು ಹಾಕಿ ಒಣಗಿಸಿದ ಸ್ಥಿತಿಯಲ್ಲಿ ಅಲ್ಲಿಗೆ ಬರುತ್ತಿತ್ತು. ಚರ್ಮ ಹದಮಾಡಿ, ಅಚ್ಚಿನಲ್ಲಿ ಕಾಗದದ ಪದರಗಳನ್ನು ಅಂಟಿಸಿ ತಯಾರಿಸಿದ ಹಗುರವಾದ ಮೈಯ ಮೇಲೆ ಅದನ್ನು ಹೊದಿಸಿ, ಗಾಜಿನ ಕಣ್ಣು ಕೂರಿಸಿ ವಾಪಸು ಕಳುಹಿಸುತ್ತಿದ್ದರು. ಈ ಕಾರ್ಖಾನೆಯ ಇತಿಹಾಸವನ್ನು ದಾಖಲಿಸಿದ ಬ್ರಿಟಿಷ್ ಲೇಖಕ ಪ್ಯಾಟ್ ಮಾರಿಸ್ ಅವರ ಲೆಕ್ಕದಂತೆ ಅಲ್ಲಿ ಒಟ್ಟು 43,000ಕ್ಕೂ ಹೆಚ್ಚು ಹುಲಿ–ಚಿರತೆಗಳ ಕೆಲಸ ನಡೆದಿದೆ. ನಮ್ಮ ಕಾಡುಗಳು ಏನನ್ನು ಕಳೆದುಕೊಂಡವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೇಟೆ ನಿಂತ ಮೇಲೆ ಕೆಲಸವೂ ಕಡಿಮೆಯಾಗುತ್ತ ಬಂದು 1999ರಲ್ಲಿ ಕಾರ್ಖಾನೆ ಮುಚ್ಚಿತು. ಕುಟುಂಬದ ಕೊನೆಯ ಕುಶಲಕರ್ಮಿ ಜೂಬರ್ಟ್ ವ್ಯಾನ್ ಇಂಗೆನ್ ನೂರು ವರ್ಷ ದಾಟಿ 2013ರಲ್ಲಿ ತೀರಿಕೊಂಡರು.

ನಮ್ಮ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬೈ ಆಡಳಿತದಲ್ಲಿತ್ತು. ಆದ್ದರಿಂದ ಇಲ್ಲಿನ ಹಳೆಯ ಕಾಗದಗಳು ಮುಂಬೈ ಸರ್ಕಾರದ ಮೊಹರು ಹೊತ್ತಿರಬಹುದು. ದಾಖಲೆ ಹುಡುಕುವವರು ಇದನ್ನು ನೆನಪಿಡಬೇಕು. ಅದೇ ಮುಂಬೈ ಕಾಲದಲ್ಲಿ ಪ್ರಾಣಿ–ಕೀಟಗಳ ಮಾದರಿಗಳನ್ನು ಗೋಡೆಯ ಅಲಂಕಾರಕ್ಕಲ್ಲ, ಅಧ್ಯಯನಕ್ಕಾಗಿ ಜೋಪಾನ ಮಾಡಿದವರೂ ಇಲ್ಲಿದ್ದರು. ಅರಣ್ಯಾಧಿಕಾರಿ ಟಿ. ಆರ್. ಬೆಲ್, ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್, ಉಪ್ಪು–ಸುಂಕ ಇಲಾಖೆಯ ಇ. ಎಚ್. ಐಟ್‌ಕೆನ್ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1890ರ ದಶಕದಲ್ಲಿ ಬರೆದದ್ದು ಇಂದಿಗೂ ಸಂಶೋಧಕರಿಗೆ ಆಕರ. ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿದ ಬೆಲ್ 1948ರಲ್ಲಿ ಇಲ್ಲಿಯೇ ತೀರಿಕೊಂಡರು. ಎಲ್ಲಿ, ಯಾವಾಗ, ಯಾರಿಗೆ ಸಿಕ್ಕಿತು ಎಂಬ ಚೀಟಿ ಜೊತೆಗಿದ್ದ ಮಾದರಿಗೆ ಮಾತ್ರ ಬೆಲೆ ಎಂಬುದು ಅಂಥವರ ಕೆಲಸದಿಂದ ಕಲಿಯಬೇಕಾದ ಪಾಠ.

ಕಾನೂನು ಹೇಳುವುದೇನು?

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1972ರ ಸೆಪ್ಟೆಂಬರ್ 9ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆರಂಭದಲ್ಲಿ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಪಡೆದು ಹೊಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಲೈಸೆನ್ಸ್ ಶಿಕಾರಿಗೆ ಪರವಾನಗಿಯಲ್ಲ. ಗದ್ದೆ, ತೋಟಗಳಲ್ಲಿ ಕಾಡುಹಂದಿಯ ಕಾಟ ಎಷ್ಟೇ ಇದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುಂಡು ಹಾರಿಸುವಂತಿಲ್ಲ.

ಕಾಯ್ದೆಯ ದೃಷ್ಟಿಯಲ್ಲಿ ತುಂಬಿಸಿದ ಹುಲಿ ಮಾತ್ರ ‘ಟ್ರೋಫಿ’ ಅಲ್ಲ. ಚರ್ಮ, ಕೊಂಬು, ಎಲುಬು, ಹಲ್ಲು, ಉಗುರು, ದಂತ, ಕೂದಲು, ಗರಿ, ಚಿಪ್ಪು ಎಲ್ಲವೂ ಅದರೊಳಗೆ ಬರುತ್ತವೆ. ಕಾಡಿನಲ್ಲಿ ತಾನಾಗಿ ಉದುರಿಬಿದ್ದ ಜಿಂಕೆ, ಕಡವೆಗಳ ಕೊಂಬಿಗೂ ಇದೇ ನಿಯಮ. ನವಿಲಿನ ಬಾಲದ, ತಾನಾಗಿ ಉದುರಿದ ಗರಿಗೆ ಮಾತ್ರ ಕಾಯ್ದೆ ವಿನಾಯಿತಿ ನೀಡಿದೆ.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ ಇರುವ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ₹25,000ಕ್ಕೆ ಕಡಿಮೆಯಿಲ್ಲದ ದಂಡವಿದೆ. 2023ರ ಅಕ್ಟೋಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿ ಹುಲಿ ಉಗುರಿನ ಪದಕ ಧರಿಸಿ ಬಂಧನಕ್ಕೊಳಗಾದ ಮೇಲೆ ರಾಜ್ಯದ ಎಷ್ಟೋ ಮನೆಗಳಲ್ಲಿ ಆತಂಕ ಶುರುವಾಯಿತು. ಪ್ರಮಾಣಪತ್ರವಿಲ್ಲದ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಕಾಲಾವಕಾಶವನ್ನೂ ಘೋಷಿಸಿತ್ತು. ಅಂಥ ಅವಕಾಶ ಮತ್ತೆ ಬರಬಹುದೆಂದು ಕಾಯುತ್ತ ಕೂರುವುದು ಜಾಣತನವಲ್ಲ.

ನಿಮ್ಮ ಮನೆಯ ವಸ್ತು ಯಾವ ಗುಂಪಿಗೆ ಸೇರುತ್ತದೆ?

1. ಮಾಲೀಕತ್ವದ ಪ್ರಮಾಣಪತ್ರ ಇರುವುದು. ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಪ್ರಮಾಣಪತ್ರ ನಿಮ್ಮ ಹೆಸರಿನಲ್ಲೇ ಇದ್ದರೆ ನಿರಾತಂಕವಾಗಿ ಇಟ್ಟುಕೊಳ್ಳಬಹುದು. ಮಾರುವಂತಿಲ್ಲ, ಹಣ ಅಥವಾ ಬೇರೆ ಪ್ರತಿಫಲ ಪಡೆದು ಕೊಡುವಂತಿಲ್ಲ. ಇಂಟರ್‌ನೆಟ್‌ನಲ್ಲಿ ‘ಆಂಟಿಕ್’ ಎಂದು ಫೋಟೊ ಹಾಕಿ ಬೆಲೆ ಕೇಳುವುದೂ ಅಪಾಯವೇ.

2. ಪ್ರಮಾಣಪತ್ರ ಹಿರಿಯರ ಹೆಸರಿನಲ್ಲಿದ್ದು, ಅವರು ತೀರಿಕೊಂಡಿರುವುದು. ವಾರಸುದಾರಿಕೆಯಿಂದ ಬಂದದ್ದನ್ನು ಕಾಯ್ದೆ ಒಪ್ಪುತ್ತದೆ. ಆದರೆ ಅದು ಕೈಸೇರಿದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಮನೆಯ ಪಾಲಿನ ಮಾತುಕತೆ ವರ್ಷಗಟ್ಟಲೆ ನಡೆಯಬಹುದು. ಈ ಅರ್ಜಿ ಮಾತ್ರ ಅದಕ್ಕಾಗಿ ಕಾಯಬಾರದು. ಅವಧಿ ಮೀರಿಹೋಗಿದ್ದರೆ ವಿಳಂಬದ ಕಾರಣ ಬರೆದು ವಕೀಲರ ಸಲಹೆಯೊಂದಿಗೆ ಕೂಡಲೇ ಸಲ್ಲಿಸಿ.

3. ಯಾವ ಕಾಗದವೂ ಇಲ್ಲದಿರುವುದು. ಹೆಚ್ಚು ಮನೆಗಳ ಕಷ್ಟ ಇಲ್ಲಿಯೇ. 1972ರ ಕಾಯ್ದೆ ಜಾರಿಯಾದಾಗ 30 ದಿನಗಳೊಳಗೆ, ಬಿಟ್ಟುಹೋದವರಿಗೆ 2003ರ ಏಪ್ರಿಲ್‌ನ ನಿಯಮದಡಿ 180 ದಿನಗಳೊಳಗೆ ಘೋಷಿಸಿಕೊಳ್ಳಲು ಅವಕಾಶವಿತ್ತು. ಎರಡೂ ಮುಗಿದಿವೆ. ಮೊದಲು ಹಳೆಯ ಪೆಟ್ಟಿಗೆಗಳನ್ನು ಜಾಲಾಡಿ: ಆ ಕಾಲದಲ್ಲಿ ಕೊಟ್ಟ ಘೋಷಣೆಯ ರಸೀದಿ, ಶಿಕಾರಿ ಲೈಸೆನ್ಸ್, ಮೈಸೂರಿನ ಬಿಲ್ಲು ಸಿಗಬಹುದು. ಏನೂ ಸಿಗದಿದ್ದರೆ ವಕೀಲರೊಬ್ಬರ ಸಲಹೆ ಪಡೆದು, ಲಿಖಿತ ಪತ್ರದೊಂದಿಗೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ. ರಾತ್ರೋರಾತ್ರಿ ಸುಡುವುದು, ಗಂಗಾವಳಿಗೆ ಎಸೆಯುವುದು, ಪರಿಚಯದವರಿಗೆ ದಾಟಿಸುವುದು ಯಾವುದೂ ಪರಿಹಾರವಲ್ಲ. ಸಾಕ್ಷ್ಯ ನಾಶ, ಅಕ್ರಮ ವರ್ಗಾವಣೆಗಳ ಆರೋಪ ಹೊಸದಾಗಿ ಸೇರಿಕೊಳ್ಳುತ್ತದೆ.

ಪ್ರಮಾಣಪತ್ರ ಇದ್ದರೂ ಇಟ್ಟುಕೊಳ್ಳಲು ಮನಸ್ಸಿಲ್ಲದವರಿಗೆ 2022ರ ತಿದ್ದುಪಡಿ ಸರಳ ದಾರಿ ಮಾಡಿಕೊಟ್ಟಿದೆ. ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಏಳು ಕೆಲಸದ ದಿನಗಳ ಮುಂಚಿತ ನೋಟಿಸ್ ಕೊಟ್ಟು ಒಪ್ಪಿಸಬಹುದು. ಪರಿಹಾರಧನ ಸಿಗುವುದಿಲ್ಲ. ಪ್ರಮಾಣಪತ್ರ ರದ್ದಾಗಿ ವಸ್ತು ಸರ್ಕಾರದ ಆಸ್ತಿಯಾಗುತ್ತದೆ. ಸಂಗ್ರಹಾಲಯದಲ್ಲಿ ಮಕ್ಕಳ ಕಲಿಕೆಗೆ ಉಪಯೋಗವಾಗಲಿ ಎಂಬ ಆಸೆಯಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು?

ಅಂಕೋಲಾದವರು ಮೊದಲು ತಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಅದರ ಮೇಲಿನ ಹಂತ ಕಾರವಾರದಲ್ಲಿರುವ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿ. ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿ ಇರುವುದು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿ. ಮೊದಲ ಭೇಟಿಗೆ ವಸ್ತುವನ್ನು ಹೊತ್ತುಕೊಂಡು ಹೋಗಬೇಡಿ. ಒಂದನೇ ಅನುಸೂಚಿಯ ಪ್ರಾಣಿಯ ಟ್ರೋಫಿಯನ್ನು ಲಿಖಿತ ಅನುಮತಿಯಿಲ್ಲದೆ ಸಾಗಿಸುವುದೇ ಅಪರಾಧ. ಇವಿಷ್ಟನ್ನು ಒಯ್ದರೆ ಸಾಕು:

• ವಸ್ತುವಿನ ಎಲ್ಲ ಬದಿಗಳ ಫೋಟೊ. ಪಕ್ಕದಲ್ಲಿ ಅಳತೆಯ ಟೇಪು ಕಾಣುವಂತೆ ಇರಲಿ.
• ಹಲಗೆಯ ಹಿಂಬದಿ ಮತ್ತು ಚರ್ಮದ ಅಸ್ತರಿನ ಮೇಲಿರುವ ಮೊಹರು, ಚೀಟಿ, ಸಂಖ್ಯೆಗಳ ಹತ್ತಿರದ ಫೋಟೊ.
• ಹಳೆಯ ಪ್ರಮಾಣಪತ್ರ, ಘೋಷಣೆಯ ರಸೀದಿ, ಶಿಕಾರಿ ಅಥವಾ ಕೋವಿ ಲೈಸೆನ್ಸ್, ಪತ್ರವ್ಯವಹಾರ. ಯಾವುದಿದ್ದರೂ ಅದರ ನಕಲು.
• ವಾರಸುದಾರಿಕೆಯಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಯಿಲು ಅಥವಾ ಪಾಲುಪತ್ರ.
• ಅಜ್ಜನೊಂದಿಗೆ ಆ ವಸ್ತು ಕಾಣುವ ಹಳೆಯ ಕುಟುಂಬದ ಫೋಟೊ. ಅದು ವಸ್ತುವಿನ ವಯಸ್ಸಿಗೆ ಆಧಾರವಾಗುತ್ತದೆ.

ವ್ಯಾನ್ ಇಂಗೆನ್ ಹೆಸರಿನ ಚೀಟಿ ಸಿಕ್ಕರೆ ಅದನ್ನು ಕೀಳಬೇಡಿ, ಒರೆಸಬೇಡಿ. ಅದು ಮಾಲೀಕತ್ವದ ಪ್ರಮಾಣವಲ್ಲ, ಆದರೆ ವಸ್ತು ಹಳೆಯದು ಎಂದು ತೋರಿಸಲು ನೆರವಾಗುತ್ತದೆ. ಕೊಟ್ಟ ಪ್ರತಿಯೊಂದು ಅರ್ಜಿಗೂ ತಾರೀಕು, ಸಹಿ, ಮೊಹರು ಇರುವ ಸ್ವೀಕೃತಿ ಪಡೆಯಿರಿ. ಅಧಿಕಾರಿಗಳು ಮನೆಗೆ ಬಂದು ಪರಿಶೀಲಿಸಿ, ಪಟ್ಟಿ ಮಾಡಿ, ವಸ್ತುವಿಗೆ ಗುರುತು ಹಾಕಬಹುದು. ಅದಕ್ಕೆ ಸಹಕರಿಸಿ.

ಕಾರವಾರದವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಮಾಜಾಳಿ ದಾಟಿದರೆ ಗೋವಾ. ಮಗ ಮಡಗಾಂವಿನಲ್ಲಿ ಮನೆ ಕಟ್ಟಿಸಿದ, ಅಜ್ಜನ ಕಾಡುಕೋಣದ ತಲೆ ಅಲ್ಲಿನ ಹಾಲ್‌ಗೆ ಚೆನ್ನಾಗಿರುತ್ತದೆ ಎಂದು ಕಾರಿನ ಡಿಕ್ಕಿಯಲ್ಲಿಟ್ಟು ಹೊರಟರೆ ಚೆಕ್‌ಪೋಸ್ಟಿನಲ್ಲೇ ಕೇಸು ಆಗಬಹುದು. ಹೊರಡುವ ಮೊದಲು ಲಿಖಿತ ಅನುಮತಿ, ತಲುಪಿದ ಮೇಲೆ 30 ದಿನಗಳೊಳಗೆ ಆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ವರದಿ, ಎರಡೂ ಬೇಕು.

ಮುಟ್ಟುವ ಮೊದಲು: ಅದರಲ್ಲಿ ವಿಷವಿದೆ

ಹಳೆಯ ಟ್ಯಾಕ್ಸಿಡರ್ಮಿಯಲ್ಲಿ ಹುಳ ಹಿಡಿಯದಿರಲೆಂದು ಚರ್ಮದ ಒಳಬದಿಗೆ ಆರ್ಸೆನಿಕ್ ಬೆರೆತ ಸೋಪನ್ನು ಹಚ್ಚುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಎಂಬಾತ ರೂಪಿಸಿದ ಈ ಪದ್ಧತಿ ಇಪ್ಪತ್ತನೆಯ ಶತಮಾನದ ಎಪ್ಪತ್ತು–ಎಂಬತ್ತರ ದಶಕದವರೆಗೂ ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ವರ್ಷ ಕಳೆದರೂ ಆರ್ಸೆನಿಕ್ ವಿಷವಾಗಿಯೇ ಉಳಿಯುತ್ತದೆ. ಹೊಲಿಗೆ ಬಿಚ್ಚಿದ ಕಡೆ, ಕಿವಿ, ಕಣ್ಣಿನ ಸುತ್ತ ಬಿಳಿ ಪುಡಿ ಕಂಡರೆ ಬೂಷ್ಟು ಎಂದುಕೊಂಡು ಕೈಯಿಂದ ಉಜ್ಜಬೇಡಿ. ಪುಡಿ ಕಾಣದಿದ್ದರೂ ಹಳೆಯ ತಲೆ, ಚರ್ಮಗಳಲ್ಲೆಲ್ಲ ವಿಷವಿದೆ ಎಂದೇ ತಿಳಿದು ನಡೆಯುವುದು ಕ್ಷೇಮ.

ಮುಟ್ಟುವಾಗ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸ್, ಎನ್-95 ಮಾಸ್ಕ್ ಇರಲಿ. ಕೆಲಸ ಮುಗಿದ ಮೇಲೆ ಕೈ ತೊಳೆದು, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದು ವಿಷದ ಪುಡಿಯನ್ನು ಕೋಣೆಯ ಗಾಳಿಗೇ ಹರಡುತ್ತದೆ. ಹುಲಿಚರ್ಮದ ಮೇಲೆ ಮಗುವನ್ನು ಕೂರಿಸಿ ಫೋಟೊ ತೆಗೆಯುವ ಹಳೆಯ ರೂಢಿಯನ್ನು ಇವತ್ತೇ ಕೈಬಿಡಿ. ಅಡುಗೆಮನೆ, ಊಟದ ಕೋಣೆ, ಮಲಗುವ ಕೋಣೆಗಳಲ್ಲಿ ಇವನ್ನು ಇಡಬಾರದು.

ಕರಾವಳಿಯ ಮಳೆಗಾಲದಲ್ಲಿ ಜೋಪಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ಒಗೆದ ಬಟ್ಟೆಯೇ ಒಣಗದು. ಚರ್ಮಕ್ಕೆ, ಅದರೊಳಗಿನ ಕಾಗದದ ಮೈಗೆ ಇದೇ ದೊಡ್ಡ ಶತ್ರು. ತೇವ ಹೀರಿದ ಚರ್ಮ ಉಬ್ಬುತ್ತದೆ, ಬೇಸಗೆಯಲ್ಲಿ ಬಿಗಿದು ತುಟಿ, ಕಿವಿ, ಕಣ್ಣಿನ ಅಂಚಿನಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಬೂಷ್ಟು, ಅದರ ಹಿಂದೆ ಹುಳ.

• ಚಿರೆಕಲ್ಲಿನ ಹೊರಗೋಡೆಗೆ ತಾಗಿಸಿ ತೂಗುಹಾಕಬೇಡಿ, ಮಳೆಯ ತೇವ ಆ ಗೋಡೆಯಲ್ಲಿ ಇಳಿಯುತ್ತದೆ. ಒಳಗೋಡೆಗೆ ಹಾಕಿ, ಹಲಗೆಯ ಹಿಂದೆ ಮರದ ತುಂಡು ಕೊಟ್ಟು ಗಾಳಿಯಾಡಲು ಜಾಗ ಬಿಡಿ.
• ನೇರ ಬಿಸಿಲು, ಒಲೆಯ ಹೊಗೆ, ದೇವರ ದೀಪದ ಜಿಡ್ಡು ತಾಗದಿರಲಿ. ಬಿಸಿಲಿಗೆ ಕೂದಲ ಬಣ್ಣ ಮಾಸಿದರೆ ಮರಳಿ ಬರುವುದಿಲ್ಲ.
• ಗಾಳಿಯ ತೇವಾಂಶ ಶೇ. 45–55ರಷ್ಟಿದ್ದರೆ ಒಳ್ಳೆಯದು. ಸಣ್ಣ ಆರ್ದ್ರತಾ ಮಾಪಕ ಅಂಗಡಿಗಳಲ್ಲಿ ಸಿಗುತ್ತದೆ. ಗಾಜಿನ ಪೆಟ್ಟಿಗೆಯಾದರೆ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಬದಲಾಯಿಸಿ.
• ಮೃದುವಾದ ಬ್ರಷ್‌ನಿಂದ ಕೂದಲು ಮಲಗಿದ ದಿಕ್ಕಿನಲ್ಲಿ ಮಾತ್ರ ಧೂಳು ತೆಗೆಯಿರಿ. ಗಾಜಿನ ಕಣ್ಣನ್ನು ಸ್ವಲ್ಪವೇ ಒದ್ದೆಯಾದ ಹತ್ತಿಯಿಂದ ಒರೆಸಬಹುದು. ಮೈಗೆ ನೀರು, ಸೋಪು ತಾಗಿಸಬೇಡಿ.
• ತೆಂಗಿನೆಣ್ಣೆ, ಸೀಮೆಎಣ್ಣೆ, ವಾರ್ನಿಷ್ ಹಚ್ಚಬೇಡಿ. ಎಣ್ಣೆ ಧೂಳನ್ನು ಹಿಡಿಯುತ್ತದೆ, ಹುಳವನ್ನು ಕರೆಯುತ್ತದೆ.
• ಸುತ್ತಿಟ್ಟ ಚರ್ಮವನ್ನು ಮಡಚಬೇಡಿ. ಮಡಿಕೆಯಲ್ಲೇ ಅದು ಬಿರಿಯುವುದು. ದಪ್ಪ ಕೊಳವೆಗೆ ಕೂದಲು ಹೊರಮುಖವಾಗಿ ಸುತ್ತಿ, ಬಿಳಿ ಹತ್ತಿಬಟ್ಟೆ ಹೊದಿಸಿಡಿ.

ಕೆಳಗೆ ಕೂದಲು ಉದುರಿದ್ದರೆ, ಮರದ ಹೊಟ್ಟಿನಂಥ ಪುಡಿ ಬಿದ್ದಿದ್ದರೆ, ರೋಮವಿರುವ ಕಂದು ಹುಳುವಿನ ಪೊರೆ ಕಂಡರೆ ಚರ್ಮ ತಿನ್ನುವ ಜೀರುಂಡೆ ಸೇರಿದೆ ಎಂದರ್ಥ. ಸಂಗ್ರಹಾಲಯಗಳಲ್ಲಿ ಅಂಥ ವಸ್ತುವನ್ನು ಗಾಳಿಯಾಡದಂತೆ ಪಾಲಿಥೀನ್‌ನಲ್ಲಿ ಮುಚ್ಚಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಒಂದೆರಡು ವಾರ ಇಟ್ಟು ಹುಳುಗಳನ್ನು ಕೊಲ್ಲುತ್ತಾರೆ. ಇದಕ್ಕಾಗಿ ಮನೆಯ ಫ್ರಿಜ್‌ ಬಳಸಬೇಡಿ, ಮೀನಿನ ಕೋಲ್ಡ್ ಸ್ಟೋರೇಜಿಗೂ ಒಯ್ಯಬೇಡಿ. ಆಹಾರವಿರುವ ಜಾಗಕ್ಕೆ ಆರ್ಸೆನಿಕ್ ಹೋಗಕೂಡದು. ಹುಳ ಬಿದ್ದ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಉಳಿದವುಗಳಿಂದ ಬೇರೆಯಿಟ್ಟು, ಇಲಾಖೆಯ ಮೂಲಕ ತಜ್ಞರ ಸಲಹೆ ಕೇಳಿ.

ದುರಸ್ತಿ ಯಾರು ಮಾಡುತ್ತಾರೆ?

ವನ್ಯಪ್ರಾಣಿಗಳ ಟ್ಯಾಕ್ಸಿಡರ್ಮಿ ಕೆಲಸ ಮಾಡುವವರಿಗೆ ಕಾಯ್ದೆಯಡಿ ಲೈಸೆನ್ಸ್ ಇರಲೇಬೇಕು. ‘ಹಳೆಯ ತಲೆ ಹೊಸದು ಮಾಡಿಕೊಡುತ್ತೇನೆ’ ಎಂದು ಮನೆಬಾಗಿಲಿಗೆ ಬರುವವರನ್ನು ಒಳಗೆ ಕರೆಯಬೇಡಿ. ಇಂದು ಈ ವಿದ್ಯೆಗೆ ಹೆಸರಾದ ಅಧಿಕೃತ ಕೇಂದ್ರ ಮುಂಬೈನ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿದೆ. ಮುಂಬೈ ಪಶುವೈದ್ಯಕೀಯ ಕಾಲೇಜಿನ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕ ಡಾ. ಸಂತೋಷ್ ಗಾಯಕ್‌ವಾಡ್ ಅವರ ಪ್ರಯತ್ನದಿಂದ 2009ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ, ಮೃಗಾಲಯ ಮತ್ತು ಅರಣ್ಯಗಳಲ್ಲಿ ಸಹಜವಾಗಿ ಸತ್ತ ಪ್ರಾಣಿಗಳನ್ನು ಸರ್ಕಾರದ ಅನುಮತಿಯೊಂದಿಗೆ ಶಿಕ್ಷಣಕ್ಕಾಗಿ ಸಂರಕ್ಷಿಸಲಾಗುತ್ತದೆ. ಅಲ್ಲಿಗೆ ಕಳುಹಿಸುವ ಮೊದಲೂ ಸಾಗಣೆಯ ಅನುಮತಿ ಕಡ್ಡಾಯ.

ಸಾಕುನಾಯಿ, ಬೆಕ್ಕು, ಕೋಳಿಗಳಿಗೆ ವನ್ಯಜೀವಿ ಕಾಯ್ದೆ ಅನ್ವಯಿಸುವುದಿಲ್ಲ. ಈ ಕೌಶಲ ಕಲಿಯುವ ಆಸೆಯಿರುವ ವಿದ್ಯಾರ್ಥಿಗಳು ಪ್ರಾಣಿಶಾಸ್ತ್ರ ಅಥವಾ ಪಶುವೈದ್ಯಕೀಯದ ದಾರಿಯಲ್ಲಿ ಬರಬಹುದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೇ ಇದೆ. ಪೇಟೆಯಲ್ಲಿ ಸಿಗುವ ಬಂಗಡೆ, ಇಸ್ವಾಣಗಳ ಅಸ್ಥಿಪಂಜರ ಬಿಡಿಸಿ ಜೋಡಿಸುವುದರಿಂದ ಕೈಪಳಗಿಸಿಕೊಳ್ಳಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸಂರಕ್ಷಿತ ಮಾದರಿಗಳನ್ನು ಕಣ್ಣಾರೆ ನೋಡಲು ಮೈಸೂರಿನ ಕಾರಂಜಿ ಕೆರೆಯ ಬಳಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಹೋಗಬಹುದು.

ಗೋಡೆಗೆ ಕಾಡುಕೋಣದ ತಲೆ ಬೇಕೇಬೇಕು ಎನ್ನುವವರು ಮರದಲ್ಲಿ ಕೆತ್ತಿಸಲಿ. ಶಿರಸಿ, ಕುಮಟಾ, ಹೊನ್ನಾವರಗಳ ಗುಡಿಗಾರರ ಕೆತ್ತನೆಗೆ ತಲೆಮಾರುಗಳ ಹೆಸರಿದೆ. ನಮ್ಮವರ ಕೈಗೆ ಕೆಲಸ ಸಿಗುತ್ತದೆ, ಕಾಡಿನ ಜೀವ ಕಾಡಿನಲ್ಲಿ ಉಳಿಯುತ್ತದೆ.

ಗುಮಟೆ, ಕಡಲಾಮೆ, ತಿಮಿಂಗಿಲದ ವಾಂತಿ

ನಮ್ಮ ಊರುಗಳಲ್ಲಿ ಶಿಕಾರಿಯ ನೆನಪಿಲ್ಲದ ಮನೆಯಲ್ಲೂ ಕಾಯ್ದೆಗೆ ಸಿಲುಕುವ ವಸ್ತು ಇರಬಹುದು. ಮೊದಲನೆಯದು ಗುಮಟೆ. ಈ ಮಣ್ಣಿನ ವಾದ್ಯದ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ ಒಂದನೇ ಅನುಸೂಚಿಯ ಪ್ರಾಣಿ. ಹೊಸ ಗುಮಟೆಗೆ ಆಡಿನ ಚರ್ಮವನ್ನೇ ಹಾಕಿಸಿ. ಘುಮಟ್ ಎಂದು ಕರೆಯುವ ಇದೇ ವಾದ್ಯವನ್ನು 2019ರಲ್ಲಿ ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿದ ಗೋವಾದಲ್ಲೂ ಆಡಿನ ಚರ್ಮದ ವಾದ್ಯ ಬಳಕೆಗೆ ಬಂದಿದೆ. ಗುಮಟೆ ಪಾಂಗಿನ ಹಾಡು ಉಳಿಯಲು ಉಡ ಸಾಯಬೇಕಾಗಿಲ್ಲ.

ಕಡಲತೀರದಲ್ಲಿ ಸಿಗುವ ಕಡಲಾಮೆಯ ಚಿಪ್ಪು, ಹವಳ, ಒಣಗಿದ ಕಡಲಕುದುರೆಗಳನ್ನು ಶೋಕೇಸಿಗೆ ತರಬೇಡಿ. ತಿಮಿಂಗಿಲದ ವಾಂತಿಯೆಂದು ಕರೆಯುವ ಅಂಬರ್‌ಗ್ರಿಸ್ ಬಲೆಗೆ ಸಿಕ್ಕರೂ ಮಾರುವಂತಿಲ್ಲ. ಕೋಟಿಗಳ ಆಸೆ ತೋರಿಸುವ ದಲ್ಲಾಳಿ ನಿಮ್ಮನ್ನು ಜೈಲಿನವರೆಗೆ ಮಾತ್ರ ತಲುಪಿಸುತ್ತಾನೆ. ಹುಲಿ ಉಗುರೆಂದು ಮಾರುವ ಪದಕಗಳಲ್ಲಿ ದನದ ಕೊಂಬು, ಗೊರಸಿನಿಂದ ಮಾಡಿದ ನಕಲಿಗಳೂ ಇವೆ. ನಕಲಿಯಾದರೂ ಪ್ರಯೋಗಾಲಯದ ವರದಿ ಬರುವವರೆಗೆ ಅಲೆದಾಟ ತಪ್ಪದು.

ದಾರಿಯಲ್ಲಿ ಸತ್ತ ಪ್ರಾಣಿ ಕಂಡರೆ

ಅರಬೈಲು ಘಟ್ಟದ ರಸ್ತೆಯಲ್ಲಿ ವಾಹನ ಬಡಿದು ಕಾಡುಪ್ರಾಣಿ ಸತ್ತು ಬಿದ್ದಿರುವುದನ್ನು ನೀವು ಕಾಣಬಹುದು. ‘ನಾನು ಕೊಂದಿಲ್ಲ, ಕೊಂಬು ತಂದರೇನು’ ಎಂಬ ವಾದ ನಿಲ್ಲುವುದಿಲ್ಲ. ಸತ್ತ ವನ್ಯಪ್ರಾಣಿಯೂ ಸರ್ಕಾರದ ಆಸ್ತಿ. ಅದರ ಯಾವುದೇ ಭಾಗ ಕೈಗೆ ಬಂದರೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕು. ಮುಟ್ಟದೆ, ಜಾಗದ ಗುರುತು ಹೇಳಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ಈ ವಾರವೇ ಆರಂಭಿಸಿ

ಅಜ್ಜಂದಿರ ಶಿಕಾರಿಗೆ ನೀವು ಹೊಣೆಯಲ್ಲ, ಆದರೆ ಮನೆಯಲ್ಲಿ ಉಳಿದ ವಸ್ತುವಿಗೆ ಹೊಣೆ. ಮೊದಲ ದಿನ ಫೋಟೊ ತೆಗೆಯಿರಿ. ಆಮೇಲೆ ಹಿರಿಯರನ್ನು ಕೂರಿಸಿ ಅದು ಯಾವ ಪ್ರಾಣಿ, ಯಾವ ಕಾಡಿನದು, ಯಾವ ಇಸವಿಯದು, ಯಾರು ಹೊಡೆದದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅವರ ನಂತರ ಅದನ್ನು ಹೇಳುವವರಿರುವುದಿಲ್ಲ, ಮಾಹಿತಿಯಿಲ್ಲದ ಕೊಂಬಿಗೆ ಸಂಗ್ರಹಾಲಯದಲ್ಲೂ ಬೆಲೆ ಕಡಿಮೆ. ಕಾಗದ ಹುಡುಕಿ, ವಕೀಲರನ್ನು ಕಂಡು, ವಲಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಟ್ಟುಕೊಳ್ಳುವ ಹಕ್ಕು ನಿಮಗಿದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಒಣ ಗೋಡೆಗೆ ಸಾಗಿಸಿ. ಇಲ್ಲವಾದರೆ ಒಪ್ಪಿಸಿಬಿಡಿ. ಎರಡರಲ್ಲಿ ಯಾವುದನ್ನು ಮಾಡಿದರೂ, ಮುಂದಿನ ಪೀಳಿಗೆಗೆ ನೀವು ಭಯವನ್ನು ಆಸ್ತಿಯಾಗಿ ಬಿಟ್ಟುಹೋಗುವುದಿಲ್ಲ.